ಗುಂಟೆ, ಸರಪಳಿ, ಪಾಯಿಂಟ್: ಜಮೀನಿನ ಲೆಕ್ಕ ಹಗುರ ಮಾಡಿದ ಎಡ್ಮಂಡ್ ಗುಂಟರ್

ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದೆ ಎಂದುಕೊಳ್ಳಿ. ಅಂದರೆ ಎಷ್ಟು ಜಮೀನು? ಎರಡು ಎಕರೆಯ ಮೇಲೆ ಇನ್ನೂ ಕಾಲು ಎಕರೆಯೂ ಇಲ್ಲ ಎಂಬುದು ನಿಮ್ಮ ಉತ್ತರವಾದರೆ, ಕೂತಲ್ಲೇ 12 ಗುಂಟೆ ಕಳೆದುಕೊಂಡಿರಿ!

ಪಹಣಿಯಲ್ಲಿರುವ ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದರ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ 2.20 ಎಂದರೆ 2 ಎಕರೆ 20 ಗುಂಟೆ, ಅಂದರೆ ಸರಿಯಾಗಿ ಎರಡೂವರೆ ಎಕರೆ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 2.20 ಎಂದೇ ಒತ್ತಿ ಎಕರೆ ಬೆಲೆಯಿಂದ ಗುಣಿಸಿದರೆ ಅದು 2 ಎಕರೆ 8 ಗುಂಟೆಯ ಲೆಕ್ಕ ಕೊಡುತ್ತದೆ. ವ್ಯತ್ಯಾಸ 12 ಗುಂಟೆ, ಅಂದರೆ 13,068 ಚದರ ಅಡಿ. 30×40 ಸೈಟುಗಳ ಲೆಕ್ಕದಲ್ಲಿ ಹತ್ತಕ್ಕಿಂತ ಹೆಚ್ಚು ಸೈಟು!

ಚಿನಕುರಳಿಯಿಂದ ನಾಗಮಂಗಲದವರೆಗೆ, ಗದ್ದೆಯಾಗಲಿ ತೆಂಗಿನ ತೋಟವಾಗಲಿ, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಕಡೆಗೆ ಜಗಳ ಬಂದು ನಿಲ್ಲುವುದು ಗುಂಟೆಯ ಮೇಲೆಯೇ. ಈ ಗುಂಟೆಯ ಲೆಕ್ಕ ಏಕೆ ಇಷ್ಟು ವಿಚಿತ್ರ? 33 ಅಡಿ ಎಲ್ಲಿಂದ ಬಂತು? 40 ಎಲ್ಲಿಂದ ಬಂತು? ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಸುಮಾರು 400 ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದ ಒಬ್ಬ ಪಾದ್ರಿಯ ಬಳಿಗೆ. ಅವನ ಹೆಸರು ಎಡ್ಮಂಡ್ ಗುಂಟರ್.

ಪಾದ್ರಿಯ ಕೈಯಲ್ಲಿ ಅಳತೆಪಟ್ಟಿ

ಗುಂಟರ್ ಹುಟ್ಟಿದ್ದು 1581ರಲ್ಲಿ, ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ. ಮನೆತನದ ಮೂಲ ವೇಲ್ಸ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದ. ಓದಿದ್ದು ಧರ್ಮಶಾಸ್ತ್ರ, ಮನಸ್ಸೆಲ್ಲ ಗಣಿತದಲ್ಲಿ. ಅದರಲ್ಲೂ ಅವನಿಗೆ ಹಿಡಿಸಿದ್ದು ಕೈಯಲ್ಲಿ ಹಿಡಿದು ಬಳಸುವ ಗಣಿತ: ಸೂರ್ಯನ ನೆರಳಿನಿಂದ ಹೊತ್ತು ತಿಳಿಯುವುದು, ಕೋನ ಅಳೆಯುವುದು, ಗುಣಾಕಾರ ಭಾಗಾಕಾರಗಳನ್ನು ಒಂದು ಪಟ್ಟಿಯ ಮೇಲೆ ಗೆರೆಗಳಾಗಿ ಇಳಿಸುವುದು.

1606ರ ಸುಮಾರಿಗೆ ಅವನು ಸೆಕ್ಟರ್ ಎಂಬ ಲೆಕ್ಕದ ಸಾಧನದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಬರಹ ಸಿದ್ಧಪಡಿಸಿದ. ಅದು ಅಚ್ಚಾಗಲಿಲ್ಲ, ಆದರೆ ಕೈಬರಹದ ಪ್ರತಿಗಳಾಗಿ ಕೈಯಿಂದ ಕೈಗೆ ಓಡಾಡಿತು. ಆ ಕಾಲದ ಫಾರ್ವರ್ಡ್ ಎನ್ನಬಹುದು. 1615ರಲ್ಲಿ ಲಂಡನ್ನಿನ ಸದಕ್‌ನಲ್ಲಿರುವ ಸೇಂಟ್ ಜಾರ್ಜ್ ಚರ್ಚಿನ ಪಾದ್ರಿಯಾದ ಗುಂಟರ್, ಸಾಯುವವರೆಗೂ ಆ ಕೆಲಸ ಬಿಡಲಿಲ್ಲ.

ಕೈಬಿಟ್ಟುಹೋದ ಕೆಲಸ

1619ರಲ್ಲಿ ಸರ್ ಹೆನ್ರಿ ಸಾವಿಲ್ ಎಂಬ ವಿದ್ವಾಂಸ ಆಕ್ಸ್‌ಫರ್ಡ್‌ನಲ್ಲಿ ರೇಖಾಗಣಿತಕ್ಕೂ ಖಗೋಳಶಾಸ್ತ್ರಕ್ಕೂ ಹೊಸ ಪ್ರಾಧ್ಯಾಪಕ ಹುದ್ದೆಗಳನ್ನು ಸ್ಥಾಪಿಸಿದ. ರೇಖಾಗಣಿತದ ಹುದ್ದೆಗೆ ಗುಂಟರ್ ಕೂಡ ಆಕಾಂಕ್ಷಿ. ಜಾನ್ ಆಬ್ರಿ ಎಂಬಾತ ಅರ್ಧ ಶತಮಾನದ ನಂತರ ಬರೆದಿಟ್ಟ ಕಥೆಯ ಪ್ರಕಾರ, ಗುಂಟರ್ ಸಂದರ್ಶನಕ್ಕೆ ತನ್ನ ಸಲಕರಣೆಗಳನ್ನೇ ತೆಗೆದುಕೊಂಡು ಹೋದ. ಅವುಗಳಿಂದ ತ್ರಿಕೋನಗಳನ್ನು ಬಿಡಿಸಿ, ಲೆಕ್ಕಗಳನ್ನು ಮಾಡಿ ತೋರಿಸಿದ. ಸಾವಿಲ್‌ಗೆ ಇದು ರೇಖಾಗಣಿತದಂತೆ ಕಾಣಲಿಲ್ಲ, ಕೈಚಳಕದಂತೆ ಕಂಡಿತು. ಹುದ್ದೆ ಹೆನ್ರಿ ಬ್ರಿಗ್ಸ್‌ಗೆ ಹೋಯಿತು.

ಆಬ್ರಿಯ ಕಥೆಗಳಲ್ಲಿ ಸ್ವಲ್ಪ ಒಗ್ಗರಣೆ ಇರುವುದು ಸಾಮಾನ್ಯ. ಆದರೆ ಆ ಕಾಲದ ಮನೋಭಾವ ಹಾಗೇ ಇತ್ತು. ಸಿದ್ಧಾಂತ ಓದಿದವನು ಮೇಲು, ಸಲಕರಣೆ ಹಿಡಿದವನು ಕೀಳು. ಬ್ರಿಗ್ಸ್ ಸಾಮಾನ್ಯನಲ್ಲ, ಇಂದಿನ 10 ಆಧಾರದ ಲಾಗರಿದಮ್ ಕೋಷ್ಟಕಗಳನ್ನು ರೂಪಿಸಿದ ಗಣಿತಜ್ಞ. ಗುಂಟರ್‌ನ ಆಪ್ತ ಗೆಳೆಯನೂ ಹೌದು.

ಗುಂಟರ್‌ಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. 1619–20ರಲ್ಲೇ ಅವನು ಲಂಡನ್ನಿನ ಗ್ರೆಶಾಮ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾದ. ಅವನ ಸ್ವಭಾವಕ್ಕೆ ಒಪ್ಪುವ ಜಾಗ ಅದು. ಒಬ್ಬ ವ್ಯಾಪಾರಿಯ ಉಯಿಲಿನ ಹಣದಿಂದ 1597ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಊರಿನ ಯಾರು ಬೇಕಾದರೂ ಬಂದು ಉಚಿತವಾಗಿ ಉಪನ್ಯಾಸ ಕೇಳಬಹುದಿತ್ತು. ಲ್ಯಾಟಿನ್ ಜೊತೆಗೆ ಜನರ ಆಡುಮಾತಾದ ಇಂಗ್ಲಿಷಿನಲ್ಲೂ ಪಾಠ ನಡೆಯುತ್ತಿತ್ತು.

ಆಡುಮಾತಿನಲ್ಲಿ ಗಣಿತ

1620ರಲ್ಲಿ ಗುಂಟರ್ ಸೈನ್ ಮತ್ತು ಟ್ಯಾಂಜೆಂಟ್‌ಗಳ ಲಾಗರಿದಮ್ ಕೋಷ್ಟಕಗಳನ್ನು ಏಳು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿ ಅಚ್ಚು ಹಾಕಿಸಿದ. ಹೈಸ್ಕೂಲಿನಲ್ಲಿ ನಾವು ಉರು ಹೊಡೆದ ಕೊಸೈನ್, ಕೊಟ್ಯಾಂಜೆಂಟ್ ಎಂಬ ಹೆಸರುಗಳೂ ಅವನು ಬಳಕೆಗೆ ತಂದವೇ. ಎರಡು ಅಡಿಯ ಮರದ ಪಟ್ಟಿಯ ಮೇಲೆ ಲಾಗರಿದಮ್ ಗೆರೆಗಳನ್ನು ಕೊರೆದು, ಕೈವಾರದಿಂದ ದೂರ ಅಳೆದೇ ಗುಣಾಕಾರ ಮಾಡುವ ಉಪಾಯವನ್ನೂ ಕಂಡುಹಿಡಿದ. ಅಂಥ ಪಟ್ಟಿಗಳೆರಡನ್ನು ಪಕ್ಕಪಕ್ಕ ಇಟ್ಟು ಜಾರಿಸಿದಾಗ ಹುಟ್ಟಿದ್ದೇ ಸ್ಲೈಡ್ ರೂಲ್. ಕ್ಯಾಲ್ಕುಲೇಟರ್ ಬರುವವರೆಗೆ ಎಂಜಿನಿಯರುಗಳ ಜೇಬಿನಲ್ಲಿ ಇದ್ದದ್ದು ಅದೇ.

1623ರ ಹೊತ್ತಿಗೆ ತನ್ನ ಸಾಧನಗಳ ವಿವರಣೆಯನ್ನು ಗುಂಟರ್ ಇಂಗ್ಲಿಷಿನಲ್ಲೇ ಪುಸ್ತಕವಾಗಿ ತಂದ. ಹಡಗಿನವರು, ಬಡಗಿಗಳು, ಜಮೀನು ಅಳೆಯುವವರು ಲ್ಯಾಟಿನ್ ಓದಿದವರಲ್ಲ. ಅವರಿಗೆ ಬೇಕಾದ್ದು ಅವರ ಮಾತಿನಲ್ಲಿ ಇರಬೇಕು ಎಂಬುದು ಅವನ ದಾರಿ. ನಮ್ಮ ವಿಷಯಕ್ಕೆ ಬೇಕಾದ ಸರಪಳಿ ಬರುವುದೂ ಈ ಪುಸ್ತಕದ ಕಾಲದಲ್ಲೇ.

66 ಅಡಿಯ ಜಾಣತನ

ಆಗ ಇಂಗ್ಲೆಂಡಿನಲ್ಲಿ ಜಮೀನು ಅಳೆಯುತ್ತಿದ್ದದ್ದು ರಾಡ್ ಎಂಬ ಕೋಲಿನಿಂದ. ಒಂದು ರಾಡ್ ಎಂದರೆ 16½ ಅಡಿ. 4 ರಾಡ್ ಅಗಲ, 40 ರಾಡ್ ಉದ್ದದ ಹೊಲ ಒಂದು ಎಕರೆ. ಆ ಅರ್ಧ ಅಡಿಯೇ ತಲೆನೋವು. ಹದಿನಾರೂವರೆಗಳನ್ನು ಹದಿನಾರೂವರೆಗಳಿಂದ ಗುಣಿಸಿ, ಎಕರೆಗೆ ತಿರುಗಿಸುವಾಗ ತಪ್ಪಾಗದೇ ಇದ್ದರೆ ಆಶ್ಚರ್ಯ. ಹಗ್ಗದಲ್ಲಿ ಅಳೆದರೆ ಇನ್ನೊಂದು ತೊಂದರೆ: ಒದ್ದೆಯಾದರೆ ಹಗ್ಗ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ.

ಹಳೆಯ ಅಳತೆಯನ್ನು ಕಿತ್ತೆಸೆಯಿರಿ ಎಂದು ಗುಂಟರ್ ಹೇಳಲಿಲ್ಲ. ಹಾಗೆ ಹೇಳಿದ್ದರೆ ಯಾವ ರೈತನೂ ಕೇಳುತ್ತಿರಲಿಲ್ಲ. ಅವನು 4 ರಾಡ್ ಉದ್ದದ, ಅಂದರೆ 66 ಅಡಿಯ ಲೋಹದ ಸರಪಳಿ ಮಾಡಿಸಿ, ಅದನ್ನು 100 ಕೊಂಡಿಗಳಾಗಿ ಭಾಗ ಮಾಡಿದ. ಒಂದು ಕೊಂಡಿ 7.92 ಇಂಚು. ಸರಪಳಿಯ ಒಟ್ಟು ಉದ್ದ ಜನರಿಗೆ ಗೊತ್ತಿದ್ದ ಹಳೆಯದೇ, ಒಳಗಿನ ಭಾಗ ಮಾತ್ರ ಹೊಸ ದಶಮಾಂಶದ್ದು.

ಇದರ ಫಲ ನೋಡಿ. 10 ಸರಪಳಿಗೆ ಒಂದು ಫರ್ಲಾಂಗು. 80 ಸರಪಳಿಗೆ ಒಂದು ಮೈಲಿ. 10 ಚದರ ಸರಪಳಿಗೆ ಒಂದು ಎಕರೆ. ಕೊಂಡಿಗಳ ಲೆಕ್ಕದಲ್ಲಿ ಒಂದು ಎಕರೆಗೆ ಸರಿಯಾಗಿ 1,00,000 ಚದರ ಕೊಂಡಿ.

ಒಂದು ಉದಾಹರಣೆ. ಹೊಲದ ಉದ್ದ 5 ಸರಪಳಿ 25 ಕೊಂಡಿ, ಅಗಲ 3 ಸರಪಳಿ 40 ಕೊಂಡಿ. 525ನ್ನು 340ರಿಂದ ಗುಣಿಸಿ: 1,78,500. ಚುಕ್ಕೆಯನ್ನು ಐದು ಸ್ಥಾನ ಎಡಕ್ಕೆ ಸರಿಸಿ: 1.785 ಎಕರೆ. ಮುಗಿಯಿತು! ಇದನ್ನೇ ಅಡಿಗಳಲ್ಲಿ ಮಾಡುವುದಾದರೆ 346½ ಅಡಿಯನ್ನು ಸುಮಾರು 224½ ಅಡಿಯಿಂದ ಗುಣಿಸಿ, ಬಂದದ್ದನ್ನು 43,560ರಿಂದ ಭಾಗಿಸಬೇಕು, ಅದೂ ಕಾಗದ ಪೆನ್ಸಿಲಿನಲ್ಲಿ. ಅಕ್ಷರ ಬಲ್ಲ ಸಾಧಾರಣ ಅಳತೆಗಾರನೂ ತಪ್ಪಿಲ್ಲದೆ ಎಕರೆ ಲೆಕ್ಕ ಕೊಡುವಂತೆ ಮಾಡಿದ್ದು ಈ ಸರಪಳಿಯೇ.

66 ಅಡಿ ಎಂದರೆ ಎಷ್ಟು ಎಂದು ಕಣ್ಣಿಗೆ ಕಟ್ಟಬೇಕೇ? ಕ್ರಿಕೆಟ್ ಪಿಚ್ ನೆನಪಿಸಿಕೊಳ್ಳಿ. ವಿಕೆಟ್ಟಿನಿಂದ ವಿಕೆಟ್ಟಿಗೆ 22 ಗಜ. ಅದೇ ಒಂದು ಸರಪಳಿ, 20.1168 ಮೀಟರ್.

ಸರಪಳಿ ನಮ್ಮ ಹೊಲಕ್ಕೆ ಬಂದದ್ದು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಮೈಸೂರು ಸೀಮೆಯನ್ನು ಅಳೆಯಲು ಹೊರಟರು. ಕಾಲಿನ್ ಮೆಕೆಂಜಿ ನಕ್ಷೆ ಮಾಡುವ ಕೆಲಸ ಹಿಡಿದ. ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆ ಅಳೆದ. ಅವನು ಬಳಸಿದ್ದು ಗುಂಟರ್ ಸರಪಳಿಯಲ್ಲ, 100 ಅಡಿಯ ಉಕ್ಕಿನ ಸರಪಳಿ.

ಆಗ ನಮ್ಮ ರೈತರ ಲೆಕ್ಕವೇ ಬೇರೆ ಇತ್ತು. ಗೇಣು, ಮೊಳ, ಮಾರು ಉದ್ದಕ್ಕೆ. ಜಮೀನಿಗೆ ಖಂಡುಗ, ಕೊಳಗ. ಇಷ್ಟು ಕೊಳಗ ಬೀಜ ಬಿತ್ತುವಷ್ಟು ಗದ್ದೆ ಎಂಬುದೇ ವಿಸ್ತೀರ್ಣ. ಇದನ್ನು ದಡ್ಡತನ ಎನ್ನಬೇಡಿ. ಎಷ್ಟು ಬೀಜ ಬೇಕು ಎಂಬುದು ರೈತನಿಗೆ ಬೇಕಾದ ಮಾಹಿತಿಯೇ. ಆದರೆ ನೀರಾವರಿ ಗದ್ದೆಯ ಖಂಡುಗವೂ ಮಳೆ ಹೊಲದ ಖಂಡುಗವೂ ಒಂದೇ ಅಳತೆಯಲ್ಲ. ಊರಿಂದ ಊರಿಗೂ ಬದಲಾಗುತ್ತಿತ್ತು. ಕಂದಾಯ ಹಾಕುವ ಸರ್ಕಾರಕ್ಕೆ ಅದು ಒಗ್ಗಲಿಲ್ಲ.

ಮುಂಬಯಿ ಪ್ರಾಂತ್ಯದಲ್ಲಿ 1830ರ ದಶಕದಲ್ಲಿ ರೂಪುಗೊಂಡ ಕಂದಾಯ ಭೂಮಾಪನ ಪದ್ಧತಿ 1863ರಿಂದ ಮೈಸೂರು ಸಂಸ್ಥಾನದಲ್ಲೂ ಶುರುವಾಯಿತು. ಈ ಪದ್ಧತಿಯ ಸರಪಳಿ 33 ಅಡಿಯದು. ಗುಂಟರ್ ಸರಪಳಿಯ ಸರಿಯರ್ಧ! ಆದರೆ ಅದನ್ನು ಭಾಗ ಮಾಡಿದ್ದು ನೂರು ಕೊಂಡಿಗಳಾಗಿ ಅಲ್ಲ, ರೂಪಾಯಿಯ ಹಾಗೆ 16 ಆಣೆಗಳಾಗಿ. 33×33 ಅಡಿಯ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಗುಂಟರ್‌ನ ಒಂದು ಚದರ ಸರಪಳಿಯಲ್ಲಿ ಇಂಥ ಚೌಕಗಳು ನಾಲ್ಕು. ಹತ್ತು ಚದರ ಸರಪಳಿಗೆ ಒಂದು ಎಕರೆ. ಹಾಗಾಗಿ 40 ಗುಂಟೆಗೆ ಒಂದು ಎಕರೆ. ನಮ್ಮ 33, 40ರ ಗುಟ್ಟು ಇಷ್ಟೇ.

ಮೇಲೆ ಲೆಕ್ಕ ಹಾಕಿದ 1.785 ಎಕರೆಯನ್ನು ಗುಂಟೆಗೆ ತರಬೇಕೆಂದರೆ, ಚುಕ್ಕೆಯ ಬಲಕ್ಕಿರುವ .785 ಅನ್ನು 40ರಿಂದ ಗುಣಿಸಿ: 31.4. ಅಂದರೆ 1 ಎಕರೆ 31 ಗುಂಟೆ, ಮೇಲೆ ಆರು ಆಣೆ ಚಿಲ್ಲರೆ. ಈ ಗುಣಾಕಾರ ಮರೆತು 1.785 ಎಂಬುದನ್ನು 1 ಎಕರೆ 78 ಗುಂಟೆ ಎಂದು ಓದಿದರೆ ಎಡವಟ್ಟು. ಎಕರೆಗೆ ಇರುವುದೇ 40 ಗುಂಟೆ!

ಗುಂಟರ್‌ನಿಂದ ಗುಂಟೆಯೇ?

ಗುಂಟರ್, ಗುಂಟೆ. ಎರಡೂ ಹೆಸರು ಕೇಳಿದ ಕೂಡಲೇ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಿಸುವುದು ಸಹಜ. ಫಾರ್ವರ್ಡ್ ಮಾಡುವುದಕ್ಕೂ ಚೆನ್ನಾಗಿದೆ. ಆದರೆ ಸದ್ದು ಹೋಲುವುದು ಸಾಕ್ಷಿಯಲ್ಲ. ಒಡಿಶಾದಲ್ಲೂ ಗುಂಠ ಎಂಬ ಜಮೀನಿನ ಅಳತೆ ಇದೆ. ಅಲ್ಲಿ ಎಕರೆಗೆ 25 ಗುಂಠ, ನಮ್ಮಂತೆ 40 ಅಲ್ಲ. ಗುಂಟರ್ ಸರಪಳಿಯನ್ನು ಅರ್ಧ ಮಾಡಿ ಚೌಕ ಮಾಡಿದರೆ ಆ ಅಳತೆ ಬರುವುದೇ ಇಲ್ಲ. ಹಾಗಾಗಿ ಗುಂಟರ್‌ಗೂ ನಮ್ಮ ಗುಂಟೆಗೂ ನಾವು ಧೈರ್ಯವಾಗಿ ಹೇಳಬಹುದಾದ ನಂಟು ಹೆಸರಿನದ್ದಲ್ಲ, ಉದ್ದದ್ದು. ಅವನ 66 ಅಡಿಯ ಅರ್ಧವೇ ನಮ್ಮ ಗುಂಟೆಯ ಬದಿ.

ಅಕ್ಷರದ ಪಾಯಿಂಟಿಗೂ ಹೊಲದ ಗುಂಟೆಗೂ

ಈಗ ಜಮೀನಿನ ನಕ್ಷೆ ಕಾಗದಕ್ಕಿಂತ ಮೊದಲು ಕಾಣುವುದು ಮೊಬೈಲ್‌ನಲ್ಲಿ. ಡಿಟಿಪಿ ಅಂಗಡಿಯಲ್ಲಿ ಅದಕ್ಕೆ ಗೆರೆ ಎಳೆಯುವವರು ಗೆರೆಯ ದಪ್ಪವನ್ನೂ ಅಕ್ಷರದ ಗಾತ್ರವನ್ನೂ ಪಾಯಿಂಟ್‌ನಲ್ಲಿ ಹೇಳುತ್ತಾರೆ. ಕಂಪ್ಯೂಟರಿನ ಪಾಯಿಂಟ್ ಎಂದರೆ ಇಂಚಿನ 72ರಲ್ಲಿ ಒಂದು ಭಾಗ. 12 ಪಾಯಿಂಟ್ ಸೇರಿದರೆ ಒಂದು ಪೈಕಾ, 6 ಪೈಕಾಗೆ ಒಂದು ಇಂಚು. ಲೆಕ್ಕ ಹೀಗೆ:

- ಗುಂಟರ್‌ನ ಒಂದು ಕೊಂಡಿ (7.92 ಇಂಚು): 570.24 ಪಾಯಿಂಟ್
- 33 ಅಡಿ ಸರಪಳಿಯ ಒಂದು ಆಣೆ (24.75 ಇಂಚು): 1,782 ಪಾಯಿಂಟ್
- ಗುಂಟೆಯ ಒಂದು ಬದಿ (33 ಅಡಿ): 28,512 ಪಾಯಿಂಟ್, ಅಥವಾ 2,376 ಪೈಕಾ
- ಗುಂಟರ್ ಸರಪಳಿ (66 ಅಡಿ): 57,024 ಪಾಯಿಂಟ್, ಅಥವಾ 4,752 ಪೈಕಾ
- ಒಂದು ಫರ್ಲಾಂಗು: 5,70,240 ಪಾಯಿಂಟ್

ಒಂದು ಎಚ್ಚರಿಕೆ. ಸೀಸದ ಅಚ್ಚುಮೊಳೆಗಳ ಕಾಲದ ಅಮೆರಿಕನ್ ಪಾಯಿಂಟ್ ಸ್ವಲ್ಪ ಚಿಕ್ಕದು. ಒಂದು ಇಂಚಿಗೆ ಸುಮಾರು 72.27. ಆ ಲೆಕ್ಕದಲ್ಲಿ ಗುಂಟರ್ ಸರಪಳಿ ಸುಮಾರು 57,238 ಪಾಯಿಂಟ್ ಆಗುತ್ತದೆ. ಒಂದು ಅಕ್ಷರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣದು. 66 ಅಡಿಯಲ್ಲಿ ಅದು ಸುಮಾರು ಮೂರು ಇಂಚು. ಖಂಡುಗದ ಪಾಠವೇ ಇಲ್ಲೂ: ಹೆಸರು ಒಂದೇ ಆದರೆ ಅಳತೆ ಒಂದೇ ಆಗಬೇಕಿಲ್ಲ.

ಇದೆಲ್ಲ ಬರೀ ಕುತೂಹಲದ ಲೆಕ್ಕವಲ್ಲ. ಗ್ರಾಮ ನಕ್ಷೆಗಳಲ್ಲಿ 1:7920 ಎಂಬ ಪ್ರಮಾಣವನ್ನು ನೋಡಿರಬಹುದು. ಅದರಲ್ಲೂ ಗುಂಟರ್ ಕೂತಿದ್ದಾನೆ. 7,920 ಇಂಚು ಎಂದರೆ 660 ಅಡಿ, ಅಂದರೆ ಹತ್ತು ಸರಪಳಿ. ನಕ್ಷೆಯ ಒಂದು ಇಂಚಿಗೆ ನೆಲದ ಮೇಲೆ ಹತ್ತು ಸರಪಳಿ. ನಕ್ಷೆಯ ಒಂದು ಚದರ ಇಂಚಿಗೆ ಹತ್ತು ಎಕರೆ.

ಹಾಗಾದರೆ ಇದೇ ನಕ್ಷೆಯಲ್ಲಿ ಒಂದು ಪಾಯಿಂಟ್ ಎಂದರೆ ನೆಲದ ಮೇಲೆ ಎಷ್ಟು? 7,920 ಇಂಚನ್ನು 72ರಿಂದ ಭಾಗಿಸಿ: 110 ಇಂಚು. ಅಂದರೆ 9 ಅಡಿ 2 ಇಂಚು! ಒಂದು ಪಾಯಿಂಟ್ ದಪ್ಪದ ಗೆರೆ ಎಳೆದು ಇದೇ ಬದು ಎಂದು ತೋರಿಸಿದರೆ, ಆ ಗೆರೆಯೊಂದೇ ನೆಲದ ಮೇಲೆ ಒಂಬತ್ತು ಅಡಿ ನುಂಗಿರುತ್ತದೆ. ಒಂದು ಇಡೀ ಗುಂಟೆ ಆ ನಕ್ಷೆಯಲ್ಲಿ 3.6 ಪಾಯಿಂಟ್ ಬದಿಯ ಚೌಕ, ನೀವು ಓದುತ್ತಿರುವ ಈ ಅಕ್ಷರಕ್ಕಿಂತ ಚಿಕ್ಕದು. ಪಕ್ಕದ ಹೊಲದವರು ಎರಡು ಅಡಿ ಒತ್ತುವರಿ ಮಾಡಿದ್ದಾರೆಯೇ ಇಲ್ಲವೇ ಎಂದು ವಾಟ್ಸಾಪಿನಲ್ಲಿ ಬಂದ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ತೀರ್ಮಾನಿಸಲು ಆಗುವುದಿಲ್ಲ. ಹಿಗ್ಗಿಸಿದಷ್ಟೂ ಗೆರೆಯೂ ಹಿಗ್ಗುತ್ತದೆ.

ಪ್ರಿಂಟ್ ತೆಗೆಯುವಾಗ ಇನ್ನೊಂದು ಮೋಸ. ಕಾಗದಕ್ಕೆ ಹೊಂದಿಸಲು ಪ್ರಿಂಟರ್ ನಕ್ಷೆಯನ್ನು 95 ಪ್ರತಿಶತಕ್ಕೆ ಕುಗ್ಗಿಸಿದರೆ, ಉದ್ದದಲ್ಲಿ 5 ಪ್ರತಿಶತ ಹೋಗುತ್ತದೆ, ವಿಸ್ತೀರ್ಣದಲ್ಲಿ ಸುಮಾರು 10. ಅಂಥ ಪ್ರತಿಯ ಮೇಲೆ ಸ್ಕೇಲಿಟ್ಟು ಅಳೆದರೆ ಒಂದು ಎಕರೆ 36 ಗುಂಟೆಯಾಗಿ ಕಾಣುತ್ತದೆ. ನಾಲ್ಕು ಗುಂಟೆ ಯಾರೂ ಕದ್ದಿಲ್ಲ, ಪ್ರಿಂಟರ್ ತಿಂದಿದೆ. ನಕ್ಷೆಯಲ್ಲೇ ಅಳತೆಪಟ್ಟಿಯ ಗೆರೆ ಬರೆದಿದ್ದರೆ ಅದನ್ನು ಆಧಾರವಾಗಿ ಇಟ್ಟುಕೊಳ್ಳಿ. ನಕ್ಷೆ ಕುಗ್ಗಿದಷ್ಟೇ ಅದೂ ಕುಗ್ಗಿರುತ್ತದೆ.

ಸರಪಳಿಗೂ ಮಿತಿ ಇದೆ. ಉಕ್ಕಿನ 66 ಅಡಿ ಸರಪಳಿ ಬೆಳಗಿನ ತಂಪಿಗಿಂತ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 0.18 ಇಂಚು ಹಿಗ್ಗುತ್ತದೆ, ಅಂದರೆ 13 ಪಾಯಿಂಟ್. ಹೆಚ್ಚುಕಡಿಮೆ ಒಂದು ಅಕ್ಷರದಷ್ಟು. ವರ್ಷಗಟ್ಟಲೆ ಎಳೆದಾಡಿದ ಸರಪಳಿಯ ಕೊಂಡಿಗಳು ಸವೆದು ಬರುವ ತಪ್ಪು ಬೇರೆ. ಆದ್ದರಿಂದಲೇ ಅಳತೆಗಾರರು ಸರಪಳಿಯನ್ನು ಆಗಾಗ ಗೊತ್ತಿರುವ ಉದ್ದಕ್ಕೆ ಹೋಲಿಸಿ ನೋಡುತ್ತಿದ್ದರು.

ಅಳತೆಯನ್ನೇ ಅನುಮಾನಿಸಿದ ಪ್ರಸಂಗ

ಗುಂಟರ್‌ನ ಬದುಕಿನ ಇನ್ನೊಂದು ಘಟನೆ ಹೇಳಲೇಬೇಕು. 1580ರಲ್ಲಿ ವಿಲಿಯಂ ಬರೋ ಎಂಬಾತ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಪೂರ್ವಕ್ಕೆ ಸುಮಾರು 11¼ ಡಿಗ್ರಿ ವಾಲಿದೆ ಎಂದು ಅಳೆದಿದ್ದ. 1622ರಲ್ಲಿ ಗುಂಟರ್ ಅದೇ ಜಾಗಕ್ಕೆ ಹೋಗಿ ಅಳೆದಾಗ ಸಿಕ್ಕಿದ್ದು 6 ಡಿಗ್ರಿಯ ಆಸುಪಾಸು. ಹಿಂದಿನವನ ಅಳತೆಯಲ್ಲೇ ದೋಷವಿರಬಹುದು ಎಂದು ಯಾರಿಗಾದರೂ ಅನಿಸುವಂಥದ್ದು. ಗುಂಟರ್ ದೊಡ್ಡ ತೀರ್ಮಾನಕ್ಕೆ ಹಾರಲಿಲ್ಲ, ತನ್ನ ಅಂಕಿಗಳನ್ನು ದಾಖಲಿಸಿ ಬಿಟ್ಟ. ಗ್ರೆಶಾಮ್‌ನಲ್ಲಿ ಅವನ ನಂತರ ಬಂದ ಹೆನ್ರಿ ಗೆಲ್ಲಿಬ್ರಾಂಡ್ 1634ರಲ್ಲಿ ಮತ್ತೆ ಅಳೆದಾಗ ಅದು ಇನ್ನೂ ಕಡಿಮೆಯಾಗಿತ್ತು. ತಪ್ಪು ಯಾರದ್ದೂ ಆಗಿರಲಿಲ್ಲ. ಭೂಮಿಯ ಕಾಂತಕ್ಷೇತ್ರವೇ ಕಾಲಕಾಲಕ್ಕೆ ಬದಲಾಗುತ್ತದೆ ಎಂಬುದು ಹೀಗೆ ಗೊತ್ತಾಯಿತು. ಗುಂಟರ್ ತನಗೆ ಒಪ್ಪಿಗೆಯಾಗುವಂತೆ ಅಂಕಿ ತಿದ್ದಿದ್ದರೆ ಈ ಸರಣಿಯ ನಡುವಿನ ಕೊಂಡಿಯೇ ಕಳಚಿರುತ್ತಿತ್ತು.

1626ರ ಡಿಸೆಂಬರ್ 10ರಂದು ಗುಂಟರ್ ತೀರಿಕೊಂಡ. ವಯಸ್ಸು ಬರೀ 45. ಅವನ ಸರಪಳಿ ಅವನಿಗಿಂತ ಬಹಳ ಕಾಲ ಬದುಕಿತು. ಇಂಗ್ಲೆಂಡಿನ ಹೊಲಗಳಲ್ಲಿ, 1785ರ ಕಾನೂನಿನ ನಂತರ ಅಮೆರಿಕದ ಬಯಲುಗಳಲ್ಲಿ, ಅರ್ಧ ಉದ್ದವಾಗಿ ನಮ್ಮ ಗದ್ದೆಗಳಲ್ಲಿ ಅದು ನೆಲ ಅಳೆಯಿತು. ಅಳೆಯುವುದು ಈಗ ಉಪಗ್ರಹ ಆಧಾರಿತ ಯಂತ್ರಗಳಿಂದ. ಆದರೂ ಅವು ಕೊಡುವ ಮೀಟರುಗಳನ್ನು ನಾವು ಕಡೆಗೆ ತಿರುಗಿಸಿಕೊಳ್ಳುವುದು ಎಕರೆ, ಗುಂಟೆಗೇ.

ನೆನಪಿಡಿ

- ಪಹಣಿಯ ಚುಕ್ಕೆಯ ಬಲಕ್ಕಿರುವುದು ಗುಂಟೆ. ಕ್ಯಾಲ್ಕುಲೇಟರ್ ಒತ್ತುವ ಮೊದಲು ಅದನ್ನು 40ರಿಂದ ಭಾಗಿಸಿ ಎಕರೆಗೆ ಸೇರಿಸಿ. 2.20 ಎಂದರೆ 2 + 20/40 = 2.5 ಎಕರೆ.
- ಒಂದು ಗುಂಟೆ 1,000 ಚದರ ಅಡಿಯಲ್ಲ, 1,089. ಹತ್ತು ಗುಂಟೆ ಮಾರುವಾಗ ಸಾವಿರದ ಲೆಕ್ಕ ಹಿಡಿದರೆ 890 ಚದರ ಅಡಿ ಪುಕ್ಕಟೆ ಹೋಗುತ್ತದೆ.
- ಸರಪಳಿ ಎಂದರೆ 66 ಅಡಿಯದೋ 33 ಅಡಿಯದೋ ಎಂದು ಕೇಳಿ. ಉದ್ದ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ.
- ಮೊಬೈಲ್ ನಕ್ಷೆ ಜಮೀನು ಎಲ್ಲಿದೆ ಎಂದು ತಿಳಿಯಲು ಸಾಕು. ಬದು ಎಲ್ಲಿದೆ ಎಂದು ತಿಳಿಯಲು ಸರ್ವೆಯವರನ್ನು ಕರೆಸಿ, ಬಾಂದು ಕಲ್ಲಿನಿಂದಲೇ ಅಳತೆ ಮಾಡಿಸಿ.

ಮನೆಯಲ್ಲಿ ಭಾಗದ ಮಾತು ನಡೆಯುತ್ತಿದ್ದರೆ, ಮೊದಲ ಸಾಲಿನ ಲೆಕ್ಕವನ್ನಾದರೂ ಎಲ್ಲರಿಗೂ ಕಳಿಸಿ. 12 ಗುಂಟೆಯ ಜಗಳ ಚುಕ್ಕೆಯಿಂದ ಹುಟ್ಟುವುದು ಬೇಡ.